ಮಸುಕಿಗೂ ಒಂದು ಲೆಕ್ಕ ಇದೆ

ಹೈದರಾಬಾದಿನ ನಾರಾಯಣಗೂಡದಿಂದ ಓದುಗರೊಬ್ಬರು ಕೇಳಿದ್ದಾರೆ: "ಸರ್, ಈ ಕಡೆಯ ಕನ್ನಡದವರ ಮನೆಗಳಲ್ಲಿ ನಾಮಕರಣ, ಹುಟ್ಟುಹಬ್ಬ ಅಂದರೆ ಫೋಟೋಕ್ಕೆ ನನ್ನನ್ನೇ ಕರೆಯುತ್ತಾರೆ. ಮುಖ ಶಾರ್ಪ್ ಆಗಿರಬೇಕು, ಹಿಂದಿನದೆಲ್ಲ ಬ್ಲರ್ ಆಗಬೇಕು ಅಂತ ಎಲ್ಲರ ಬೇಡಿಕೆ. ನನ್ನ ಹತ್ತಿರ ಇರೋದು ಕ್ಯಾಮೆರಾ ಜೊತೆ ಬಂದ ಎರಡು ಝೂಮ್ ಲೆನ್ಸ್ ಮಾತ್ರ. 85 ಎಂಎಂ, ಎಫ್ 1.4 ಇಲ್ಲದೆ ಆ ಎಫೆಕ್ಟ್ ಬರೋದೇ ಇಲ್ಲ, ಎಫ್ ನಂಬರ್ ಸಣ್ಣದಿದ್ದಷ್ಟೂ ಬ್ಲರ್ ಜಾಸ್ತಿ ಅಂತ ಅಂಗಡಿಯವರು ಹೇಳುತ್ತಾರೆ. ಸಾಲ ಮಾಡಿಯಾದರೂ ತಗೊಳ್ಳಲಾ?"

ತಗೊಳ್ಳಬೇಡಿ. ಕನಿಷ್ಠ ಈ ಲೇಖನ ಓದಿ ಮುಗಿಸುವವರೆಗಾದರೂ ತಡೆಯಿರಿ. ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಅವರು ಹೇಳುವುದಿಲ್ಲ, ಹೇಳಿದರೆ ಲೆನ್ಸ್ ಮಾರಾಟವಾಗುವುದಿಲ್ಲ.

ಎಫ್ ನಂಬರ್ ಎಂಬುದು ಅಳತೆಯಲ್ಲ, ಭಾಗಾಕಾರದ ಫಲ. ಲೆನ್ಸಿನ ಫೋಕಲ್ ಲೆಂಗ್ತನ್ನು, ಅಂದರೆ ಅದರ ಮೇಲೆ ಬರೆದ ಎಂಎಂ ಸಂಖ್ಯೆಯನ್ನು, ಅದರ ಒಳಗಿನ ತೂತಿನ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಎಷ್ಟು ಬೆಳಕು ಒಳಗೆ ಬರುತ್ತದೆಂದು ತಿಳಿಯಲು ಅದು ಬೇಕೇ ಬೇಕು. ಆದರೆ ದೂರದ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ತೂತಿನ ನಿಜವಾದ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಮುಂದಿನಿಂದ ಲೆನ್ಸಿನೊಳಕ್ಕೆ ಇಣುಕಿದಾಗ ಕಾಣುವ ದುಂಡನೆಯ ಬೆಳಕಿಂಡಿಯೇ ಅದು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ನಿಯಮ ಇದೆ. ಬಹಳ ದೂರದಲ್ಲಿ ಉರಿಯುವ ಒಂದು ದೀಪ ನಿಮ್ಮ ಫೋಟೋದಲ್ಲಿ ದುಂಡನೆಯ ಬಿಲ್ಲೆಯಾಗಿ ಹರಡಿಕೊಳ್ಳುತ್ತದಲ್ಲ, ಆ ಬಿಲ್ಲೆಯ ಗಾತ್ರ ಎಷ್ಟು? ಸರಿಯಾಗಿ ಲೆನ್ಸಿನ ತೂತಿನಷ್ಟು! ಅಂದರೆ, ಲೆನ್ಸಿನ ತೂತಿನಷ್ಟೇ ಅಗಲದ ಒಂದು ಬಿಲ್ಲೆಯನ್ನು ಕತ್ತರಿಸಿ ನೀವು ಫೋಟೋ ತೆಗೆಯುತ್ತಿರುವ ವ್ಯಕ್ತಿಯ ಕೆನ್ನೆಯ ಪಕ್ಕ ಹಿಡಿದರೆ ಫೋಟೋದಲ್ಲಿ ಅದು ಎಷ್ಟು ದೊಡ್ಡದಾಗಿ ಕಾಣುತ್ತದೋ, ದೂರದ ದೀಪದ ಮಸುಕೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಯಾವ ಕಂಪನಿಯದು, ಸೆನ್ಸರ್ ಫುಲ್ ಫ್ರೇಮೋ ಅಲ್ಲವೋ, ಬೆಲೆ ಎಷ್ಟು, ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ.

ಯಾಕೆ ಹೀಗೆ? ದೂರದ ದೀಪದಿಂದ ಲೆನ್ಸಿನೊಳಕ್ಕೆ ಬರುವ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ, ತೂತಿನಷ್ಟೇ ದಪ್ಪದ ಒಂದು ಕಂತೆಯಾಗಿ ಬರುತ್ತವೆ. ದಾರಿಯಲ್ಲಿ ಆ ಕಂತೆ ನಿಮ್ಮೆದುರು ನಿಂತವರ ಮುಖದ ಪಕ್ಕದಲ್ಲೇ ಹಾದು ಬರುತ್ತದೆ. ನೀವು ಫೋಕಸ್ ಮಾಡಿರುವುದು ಮುಖಕ್ಕೆ. ಹಾಗಾಗಿ ಮುಖವಿರುವ ಸಮತಲದ ಯಾವ ಬಿಂದುವಿನ ಮೂಲಕ ಕಿರಣ ಹಾದು ಬಂದರೂ ಕ್ಯಾಮೆರಾ ಅದನ್ನು ಅದೇ ಬಿಂದುವಿನಲ್ಲಿ ಚಿತ್ರಿಸುತ್ತದೆ. ಕಿರಣ ಮೂಗಿನಿಂದ ಹೊರಟಿತೋ ಎರಡು ಕಿಲೋಮೀಟರ್ ಆಚೆಯ ಬಲ್ಬಿನಿಂದಲೋ ಅದಕ್ಕೆ ಗೊತ್ತಾಗುವುದಿಲ್ಲ. ಕಂತೆಯ ದಪ್ಪ 28 ಮಿಲಿಮೀಟರ್ ಇದ್ದರೆ ಮುಖದ ಪಕ್ಕ 28 ಮಿಲಿಮೀಟರಿನ ವೃತ್ತ ಮೂಡುತ್ತದೆ. ಅಷ್ಟೇ.

ಈಗ ಭಾಗಾಕಾರ ಮಾಡಿ. ಕ್ಯಾಮೆರಾ ಜೊತೆ ಬರುವ 18–55 ಲೆನ್ಸ್, 55ರಲ್ಲಿ, ಎಫ್ 5.6: ತೂತು 10 ಮಿ.ಮೀ. ಎಲ್ಲರೂ ಮೊದಲು ಕೊಳ್ಳುವ 50 ಎಂಎಂ ಎಫ್ 1.8: 28 ಮಿ.ಮೀ., ಹೆಚ್ಚುಕಡಿಮೆ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು. 85 ಎಂಎಂ ಎಫ್ 1.8: 47 ಮಿ.ಮೀ. ಅಂಗಡಿಯವರು ಹೇಳಿದ 85 ಎಫ್ 1.4: 61 ಮಿ.ಮೀ. ಮೊಬೈಲಿನ ಮುಖ್ಯ ಕ್ಯಾಮೆರಾದ ಮೇಲೂ ಎಫ್ 1.8 ಎಂದು ಹೆಮ್ಮೆಯಿಂದ ಬರೆದಿರುತ್ತಾರೆ, ಆದರೆ ಅದರ ನಿಜವಾದ ಫೋಕಲ್ ಲೆಂಗ್ತ್ ಆರೇಳು ಮಿಲಿಮೀಟರ್. ಹಾಗಾಗಿ ತೂತು 4 ಮಿ.ಮೀ. ದಾಟುವುದಿಲ್ಲ. ನಂಬರ್ ಅದೇ, ಮಸುಕು ಮಾತ್ರ ಇಲ್ಲ!

ನಮ್ಮ ಓದುಗರ ಬೀರುವಿನಲ್ಲಿ ಕೂತಿರುವ ಎರಡನೆಯ ಲೆನ್ಸಿನ ಕಥೆ ಇನ್ನೂ ಚೆನ್ನಾಗಿದೆ. ಇಂಥ ಜೋಡಿಯಲ್ಲಿ ಅದು ಸಾಮಾನ್ಯವಾಗಿ 55–250 ಇರುತ್ತದೆ. 250ರ ತುದಿಯಲ್ಲಿ ಅದರ ಎಫ್ ನಂಬರ್ 5.6. "ಇದರಲ್ಲಿ ಏನು ಬ್ಲರ್ ಬರುತ್ತೆ" ಎಂದು ಮೂಗು ಮುರಿಯುವ ಮುಂಚೆ ಭಾಗಿಸಿ ನೋಡಿ: 45 ಮಿ.ಮೀ. ಅಂದರೆ 85 ಎಫ್ 1.8ರ ತೂತಿಗೂ ಇದಕ್ಕೂ ಎರಡೇ ಮಿಲಿಮೀಟರಿನ ಅಂತರ. ದೂರದ ಹಿನ್ನೆಲೆಯ ಮಟ್ಟಿಗೆ ಎರಡೂ ಒಂದೇ.

ನಂಬಿಕೆ ಬಾರದವರು ನಾನು ಮಾಡಿದಂತೆ ಮುಸ್ಸಂಜೆ ತಾರಸಿಗೆ ಹೋಗಿ. ನಾರಾಯಣಗೂಡದಲ್ಲಿ ದೀಪಗಳಿಗೇನೂ ಬರವಿಲ್ಲ: ಒಂದು ಕಡೆ ಫ್ಲೈಓವರಿನ ಸಾಲುದೀಪ, ಇನ್ನೊಂದು ಕಡೆ 2020ರಲ್ಲಿ ಶುರುವಾದ ಮೆಟ್ರೋದ ಹಸಿರು ಮಾರ್ಗ. ಅಕ್ಕನ ಮಗಳನ್ನು ಪ್ಯಾರಪೆಟ್ ಹತ್ತಿರ ನಿಲ್ಲಿಸಿದೆ. ಕಿವಿಯಲ್ಲಿ ದೊಡ್ಡ ಜುಮುಕಿ, ಜಡೆಯಲ್ಲಿ ಮಲ್ಲಿಗೆ. 50 ಎಂಎಂನಲ್ಲಿ ಹಿಂದಿನ ಒಂದೊಂದು ದೀಪವೂ ಹೆಚ್ಚುಕಡಿಮೆ ಜುಮುಕಿಯಷ್ಟೇ ಆಯಿತು. ತಾರಸಿಯ ಇನ್ನೊಂದು ತುದಿಗೆ ಹೋಗಿ ಹಳೆಯ ಝೂಮ್ ಹಾಕಿ 250ಕ್ಕೆ ಎಳೆದಾಗ ಒಂದೊಂದು ಬಿಲ್ಲೆಯೂ ಅವಳ ಕಣ್ಣಿಗಿಂತ ದೊಡ್ಡದು. "ಮಾಮಾ, ಇದು ಯಾವ ಹೊಸ ಲೆನ್ಸು?" ಎಂದು ಕೇಳಿದಳು. ಆ ಲೆನ್ಸಿಗೆ ಅವಳ ಕಾಲೇಜಿಗಿಂತ ಹೆಚ್ಚು ವಯಸ್ಸಾಗಿದೆ ಎಂದೆ.

ಬಿಲ್ಲೆಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುವುದು ಇನ್ನೊಂದು ಮಜಾ. ಪ್ರತಿ ಬಿಲ್ಲೆಯೂ ಲೆನ್ಸಿನ ತೂತಿನ ಪಡಿಯಚ್ಚು. ತೂತನ್ನು ಕಿರಿದು ಮಾಡಿದಾಗ ಐದು ಎಲೆಗಳ ಅಪರ್ಚರ್ ಇದ್ದರೆ ಪಂಚಕೋನ, ಏಳಿದ್ದರೆ ಸಪ್ತಕೋನ. ಚಿತ್ರದ ಅಂಚಿನ ಬಿಲ್ಲೆಗಳು ದುಂಡಗಿರದೆ ಬೆಕ್ಕಿನ ಕಣ್ಣಿನ ಆಕಾರಕ್ಕೆ ತಿರುಗುತ್ತವೆ, ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಕತ್ತರಿಸುವುದರಿಂದ. ಒಳಗಿನ ದೂಳು, ಮಳೆಗಾಲದಲ್ಲಿ ಹಬ್ಬಿದ ಫಂಗಸ್ಸಿನ ಎಳೆಗಳೂ ಅನೇಕ ಸಲ ಅಲ್ಲಿ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಇದನ್ನು ಗಟ್ಟಿಯಾಗಿ ನೆನಪಿಡಿ: ಅಂಗಡಿಯ ಬಾಗಿಲಲ್ಲಿ ನಿಂತು, ಹತ್ತಿರಕ್ಕೆ ಫೋಕಸ್ ಇಟ್ಟು, ರಸ್ತೆಯಾಚೆಯ ಬಲ್ಬಿನ ಒಂದು ಫೋಟೋ ತೆಗೆದು ಹಿಗ್ಗಿಸಿ ನೋಡಿ. ಮಾರುವವರು ಹೇಳದ್ದನ್ನು ಬಿಲ್ಲೆ ಹೇಳುತ್ತದೆ.

ಇಷ್ಟು ಹೊತ್ತು ಹೇಳಿದ್ದು ದೂರದ ಹಿನ್ನೆಲೆಯ ಮಾತು. ಹಿನ್ನೆಲೆ ಹತ್ತಿರವಿದ್ದರೆ ಮಸುಕು ಕುಗ್ಗುತ್ತದೆ. ಅದರ ಲೆಕ್ಕವೂ ಸುಲಭ. ವ್ಯಕ್ತಿಯಿಂದ ಹಿನ್ನೆಲೆಗೆ ಇರುವ ದೂರವನ್ನು ಕ್ಯಾಮೆರಾದಿಂದ ಹಿನ್ನೆಲೆಗೆ ಇರುವ ದೂರದಿಂದ ಭಾಗಿಸಿ, ತೂತಿನ ಅಗಲದಿಂದ ಗುಣಿಸಿ. ಎರಡು ಮೀಟರ್ ದೂರದಲ್ಲಿ ಒಬ್ಬರನ್ನು ನಿಲ್ಲಿಸಿದ್ದೀರಿ, ಅವರ ಹಿಂದೆ ಅರ್ಧ ಮೀಟರಿಗೆ ಗೋಡೆ ಎಂದುಕೊಳ್ಳಿ. ಆಗ ಉಳಿಯುವುದು ಐದನೆಯ ಒಂದು ಭಾಗ. ದುಬಾರಿ 85 ಎಫ್ 1.4 ಕೂಡ ಅಲ್ಲಿ ಕೊಡುವುದು ಬರೀ 12 ಮಿ.ಮೀ. ಅದೇ ವ್ಯಕ್ತಿಯ ಹಿಂದೆ ಎಂಟು ಮೀಟರ್ ಜಾಗ ಬಿಟ್ಟರೆ ಅಗ್ಗದ 50 ಎಫ್ 1.8 ಕೊಡುವುದು 22 ಮಿ.ಮೀ. ನಾಮಕರಣದ ಮನೆಯಲ್ಲಿ ತೊಟ್ಟಿಲನ್ನು ಗೋಡೆಗೆ ಆನಿಸಿಟ್ಟು "ಬ್ಲರ್ ಬರಲಿಲ್ಲ" ಎಂದು ಲೆನ್ಸನ್ನು ಬೈದರೆ ಏನು ಪ್ರಯೋಜನ? ತೊಟ್ಟಿಲನ್ನು ಹಾಲಿನ ನಡುವಿಗೆ ಎಳೆಯಿರಿ. ಹಿಂದಿನ ಬಾಗಿಲು ತೆರೆದಿಡಿ. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನು ಶಾರ್ಪ್ ವಿಷಯ. ತಲೆಯಿಂದ ಎದೆಯವರೆಗಿನ ಚಿತ್ರವನ್ನು ಓದುಗರ ಬಳಿ ಇರುವಂಥ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 85 ಎಂಎಂ, ಎಫ್ 1.8 ಇಟ್ಟು ತೆಗೆದರೆ ಸ್ಪಷ್ಟವಾಗಿ ಬರುವುದು ಸುಮಾರು 5 ಸೆಂಟಿಮೀಟರ್ ಆಳ ಮಾತ್ರ. ಮುಖವಷ್ಟೇ ತುಂಬುವಂತೆ ಹತ್ತಿರ ಹೋದರೆ ಅದು ಒಂದು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ರೆಪ್ಪೆಗೂದಲು ಎಣಿಸಬಹುದು, ಕಿವಿಯೋಲೆ ಮಾಯ! "ಲೆನ್ಸ್ ಶಾರ್ಪ್ ಇಲ್ಲ" ಎಂಬ ದೂರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲಿ. ಮದ್ದು ಸರಳ. ನಮಗೆ ಹತ್ತಿರವಿರುವ ಕಣ್ಣಿಗೆ ಫೋಕಸ್ ಮಾಡಿ. ಎಫ್ 2.8ಕ್ಕೋ 4ಕ್ಕೋ ಇಳಿಯಲು ಸಂಕೋಚ ಬೇಡ. ಮಗು ಕುಣಿಯುತ್ತಿದ್ದರೆ ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನ ಇಡಬೇಡಿ. 250 ಎಂಎಂ ಝೂಮಿನಲ್ಲಿ, ಎಫ್ 5.6ರಲ್ಲಿ, ಅದೇ ತಲೆ-ಎದೆಯ ಚಿತ್ರಕ್ಕೆ ಸಿಗುವ ಆಳ ಸುಮಾರು 15 ಸೆಂಟಿಮೀಟರ್. ಕಣ್ಣು, ಕಿವಿ, ಜುಮುಕಿ ಎಲ್ಲ ಸ್ಪಷ್ಟ, ಹಿಂದಿನ ದೀಪ ಅಷ್ಟೇ ಮಸುಕು. ಅದರ ತೊಂದರೆ ಒಂದೇ: ನೀವು ಆರೇಳು ಮೀಟರ್ ಹಿಂದೆ ಸರಿಯಬೇಕು, ಬೆಳಕೂ ಚೆನ್ನಾಗಿರಬೇಕು. ನಾರಾಯಣಗೂಡದ ಫ್ಲಾಟುಗಳ ಹಾಲಿನಲ್ಲಿ ಅಷ್ಟು ಹಿಂದೆ ಸರಿದರೆ ಪಕ್ಕದ ಮನೆಯವರ ಅಡುಗೆಮನೆಯಲ್ಲಿರುತ್ತೀರಿ.

ದೊಡ್ಡ ತೂತಿನ ಲೆನ್ಸ್ ಹುಟ್ಟಿದ್ದು ಮಸುಕಿಗಾಗಿ ಅಲ್ಲ, ಬೆಳಕಿಗಾಗಿ. 1839ರಲ್ಲಿ ಫೋಟೋಗ್ರಫಿ ಬಂದ ಹೊಸತರಲ್ಲಿ ಮುಖದ ಚಿತ್ರಕ್ಕೆ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಇದನ್ನು ಲೆಕ್ಕದಿಂದಲೇ ಬಗೆಹರಿಸಲು ಹೊರಟರು. ಕಂಪ್ಯೂಟರ್ ಇಲ್ಲದ ಕಾಲ. ಕೂಡಿ ಕಳೆಯಲು ಅವರಿಗೆ ಸಿಕ್ಕ ಸಹಾಯಕರು ಯಾರು ಗೊತ್ತೆ? ಆಸ್ಟ್ರಿಯಾ ಸೇನೆಯ ಫಿರಂಗಿ ದಳದವರು! ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಿದ್ದವರು ಬೆಳಕು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದರು. 1840ರಲ್ಲಿ ಫೋಯ್ಗ್ಟ್‌ಲೆಂಡರ್ ಸಂಸ್ಥೆ ಆ ಲೆನ್ಸ್ ತಯಾರಿಸಿತು. ಸುಮಾರು 150 ಎಂಎಂ, ಎಫ್ 3.6. ಭಾಗಿಸಿ ನೋಡಿ, ತೂತು 42 ಮಿ.ಮೀ. ನೂರ ಎಂಬತ್ತು ವರ್ಷಕ್ಕೂ ಹಿಂದಿನ ಆ ಲೆನ್ಸ್ ಇಂದಿನ 85 ಎಫ್ 1.8ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಪೋರ್ಟ್ರೇಟ್ ಲೆನ್ಸಿನ ಸುತ್ತ ಇನ್ನೊಂದು ಹಟಮಾರಿ ತಪ್ಪು ಕಲ್ಪನೆ ಇದೆ: "ವೈಡ್ ಲೆನ್ಸ್ ಮೂಗನ್ನು ದಪ್ಪ ಮಾಡುತ್ತದೆ, 85 ಮುಖವನ್ನು ಸರಿ ಮಾಡುತ್ತದೆ." ಮುಖದ ಆಕಾರವನ್ನು ತೀರ್ಮಾನಿಸುವುದು ನೀವು ನಿಂತ ದೂರ, ಲೆನ್ಸಲ್ಲ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಅಂತರ. ಅರ್ಧ ಮೀಟರಿನಿಂದ ನೋಡಿದರೆ ಮೂಗು ಕಿವಿಗಿಂತ ಶೇ 24ರಷ್ಟು ಹಿಗ್ಗಿ ಕಾಣುತ್ತದೆ, ಎರಡು ಮೀಟರಿನಿಂದ ಶೇ 6ರಷ್ಟು ಮಾತ್ರ. ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ವೈದ್ಯರು 2018ರಲ್ಲಿ ಇದೇ ಲೆಕ್ಕ ಹಾಕಿ, 12 ಅಂಗುಲದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆಂದು ತೋರಿಸಿದರು. ಸೆಲ್ಫಿ ನೋಡಿ ಮೂಗಿನ ಆಪರೇಷನ್ನಿಗೆ ಹೊರಟವರು ಮೊದಲು ಎರಡು ಹೆಜ್ಜೆ ಹಿಂದೆ ಸರಿಯಲಿ.

ಮೊಬೈಲಿನ ಪೋರ್ಟ್ರೇಟ್ ಮೋಡ್? ಅಲ್ಲಿ ಮಸುಕು ಬೆಳಕಿನದಲ್ಲ, ಸಾಫ್ಟ್‌ವೇರಿನದು. 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾಗಳಿಂದ ದೂರ ಅಳೆಯಿತು. ಮರುವರ್ಷದ ಗೂಗಲ್ ಪಿಕ್ಸೆಲ್ 2 ಒಂದೇ ಲೆನ್ಸಿನ ಎಡ ಬಲ ಭಾಗಗಳಿಂದ ಕಾಣುವ ನೋಟಗಳ ವ್ಯತ್ಯಾಸದಿಂದಲೇ, ಅಂದರೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರದಿಂದ, ಅದೇ ಕೆಲಸ ಮಾಡಿತು. ಜಾಣತನವೇನೋ ನಿಜ. ಆದರೂ ಜಡೆಯಿಂದ ಇಳಿಬಿದ್ದ ಮಲ್ಲಿಗೆ ಮೊಗ್ಗು, ಕನ್ನಡಕದ ಅಂಚು, ಹಾರುವ ಮುಂಗುರುಳು ಎದುರಾದಾಗ ಅದು ಈಗಲೂ ತಡವರಿಸುತ್ತದೆ.

ನಾಮಕರಣದ ಫೋಟೋ ಎಂದ ಮೇಲೆ ಒಂದು ಬೈಗುಳ ಬಾಕಿ ಇದೆ. ಮೂವರು ನಿಂತು ಫೋಟೋ ತೆಗೆಸಿದರೆ ನಡುವಿನವರಿಗೆ ಕೇಡು, ಎಳೆಗೂಸಿನ ಫೋಟೋ ತೆಗೆದರೆ ಆಯಸ್ಸು ಕಡಿಮೆ ಎಂದು ಹೇಳುವವರು ಇನ್ನೂ ಇದ್ದಾರೆ. ಹೈದರಾಬಾದಿನಲ್ಲಂತೂ ಇದನ್ನು ಹೇಳಲು ನಾಚಿಕೆಯಾಗಬೇಕು. ರಾಜಾ ದೀನ್ ದಯಾಳ್ 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು, ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದರು. 1892ರಲ್ಲಿ ಹೆಂಗಸರಿಗೆಂದೇ, ಮಹಿಳೆಯೊಬ್ಬರ ಉಸ್ತುವಾರಿಯಲ್ಲಿ, ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ನಡೆಸಿದರು. ಪರದೆಯೊಳಗಿನ ಹೆಂಗಸರು ಅಂದೇ ಧೈರ್ಯವಾಗಿ ಕ್ಯಾಮೆರಾ ಎದುರು ಕೂತಿದ್ದಾರೆ. ಲೆನ್ಸ್ ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ, ಆಯಸ್ಸನ್ನಲ್ಲ.

ಕೊನೆಗೆ ತೀರ್ಪು. ಬಯಲಿನಲ್ಲಿ, ತಾರಸಿಯಲ್ಲಿ, ಪಾರ್ಕಿನಲ್ಲಿ ಬೀರುವಿನ ಝೂಮನ್ನೇ ಪೂರ್ತಿ ಎಳೆದು ಬಳಸಿ. ಮನೆಯೊಳಗಿನ ಕೆಲಸಕ್ಕೆ 50 ಎಂಎಂ ಎಫ್ 1.8 ಕೊಳ್ಳಿ, ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಫೋಟೋದಿಂದಲೇ ಸಂಪಾದನೆ ಶುರುವಾದ ಮೇಲೆ 85 ಎಫ್ 1.8. ಎಫ್ 1.4ಕ್ಕಾಗಿ ಸಾಲ ಮಾತ್ರ ಬೇಡವೇ ಬೇಡ. ಯಾವ ಲೆನ್ಸನ್ನೇ ಕೊಳ್ಳಲಿ, ಅದರ ಮೇಲೆ ಬರೆದ ಎರಡು ಸಂಖ್ಯೆಗಳನ್ನು ಅಂಗಡಿಯಲ್ಲೇ ಭಾಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.