ನೆರೆಮನೆಯ ಕಥೆಗಳು

ತೆಲುಗು ಓದಲು ಕನ್ನಡಿಗನು ಹೊಸದಾಗಿ ಕಲಿಯಬೇಕಾದ ಅಕ್ಷರಗಳು ಬಹಳವಿಲ್ಲ. ಒಂದೇ ಮೂಲದಿಂದ ಕವಲೊಡೆದ ಲಿಪಿಗಳಿವು. ತಲೆಕಟ್ಟಿನ ರೀತಿ ಬೇರೆ, ಕ, ತ, ಶಗಳಂಥ ಕೆಲವು ಅಕ್ಷರಗಳ ರೂಪ ಬೇರೆ. ಕೆಲವು ಸಂಜೆಗಳ ಅಭ್ಯಾಸ ಸಾಕು. ಆದರೂ ಶರಚ್ಚಂದ್ರರ ಕಾದಂಬರಿಗಳನ್ನು ಮೆಚ್ಚಿ ಓದಿದ ನಮ್ಮ ಎಷ್ಟೋ ವಾಚಕರು ಗುರಜಾಡ ಅಪ್ಪಾರಾಯರ ಒಂದು ಕಥೆಯನ್ನೂ ಕಂಡವರಲ್ಲ.

ತೊಡಕಿರುವುದು ಪರಿಚಿತವೆಂದು ತೋರುವ ಪದಗಳಲ್ಲಿ. ತೆಲುಗಿನಲ್ಲಿ ‘ಆಮೆ’ ಎಂದರೆ ಆಕೆ. ಇದನ್ನರಿಯದವನ ಕಣ್ಣಿಗೆ ಕಥಾನಾಯಿಕೆ ಪುಟಪುಟದಲ್ಲಿಯೂ ಚಿಪ್ಪು ಹೊತ್ತು ನಡೆದಾಳು! ‘ಅವಸರಂ’ ಎಂದರೆ ತ್ವರೆಯಲ್ಲ, ಅಗತ್ಯ. ಹಳಗನ್ನಡ ಬಲ್ಲವರಿಗೆ ಒಂದು ಸೌಕರ್ಯವುಂಟು: ನಮ್ಮಲ್ಲಿ ಹಕಾರವಾದ ಪಕಾರ ಅಲ್ಲಿ ಇನ್ನೂ ಉಳಿದಿದೆ. ಪಾಲು, ಪುಲಿ, ಪುವ್ವು ಎಂದರೆ ಹಾಲು, ಹುಲಿ, ಹೂವು.

ಮೊದಲು ಯಾವುದನ್ನು ಓದಬೇಕು? ಹೆಸರು ಕೇಳಿ ವಿಶ್ವನಾಥ ಸತ್ಯನಾರಾಯಣರ ‘ವೇಯಿಪಡಗಲು’ ಎಂಬ ಬೃಹತ್ ಕಾದಂಬರಿಯನ್ನು ಕೈಗೆತ್ತಿಕೊಂಡವನು ನಡುದಾರಿಯಲ್ಲೇ ಕುಳಿತಾನು. ಗುರಜಾಡರ ‘ದಿದ್ದುಬಾಟು’ ಕೆಲವೇ ಪುಟಗಳದು, ಪ್ರಕಟವಾದದ್ದು 1910ರಲ್ಲಿ. ನಾಚಿನ ಮೋಹಕ್ಕೆ ಸಿಕ್ಕಿ ರಾತ್ರಿ ತಡವಾಗಿ ಮನೆಗೆ ಬಂದ ಗೋಪಾಲರಾಯನಿಗೆ ಹೆಂಡತಿ ಕಾಣಳು. ಅವಳು ಬರೆದಿಟ್ಟ ಕಾಗದವೊಂದು ಕಾಣುತ್ತದೆ. ಹೆಸರಿನಲ್ಲೇ ಸುಳಿವಿದೆ: ‘ದಿದ್ದು’ ನಮ್ಮ ‘ತಿದ್ದು’ವೇ. ಓದುಬರಹ ಬಲ್ಲ ಹೆಂಡತಿ ಗಂಡನನ್ನು ತಿದ್ದುವ ಈ ಪರಿಯಲ್ಲಿ ಉಪದೇಶದ ಬಿಗುವಿಲ್ಲ, ನಗೆಯಿದೆ.

ಗುರಜಾಡರು ಆಡುಮಾತನ್ನು ಬರೆಹಕ್ಕೆ ತಂದವರು. ವಿಚಿತ್ರವೆಂದರೆ, ತೆಲುಗರಿಗೆ ಸುಲಭವಾದ ಈ ಭಾಷೆಯೇ ಕನ್ನಡಿಗನಿಗೆ ಕಠಿನ. ಗ್ರಾಂಥಿಕದ ಸಂಸ್ಕೃತ ಪದಗಳನ್ನು ಸಲೀಸಾಗಿ ದಾಟುವವನು ಮನೆಮಾತಿನ ಮೊಟಕು ಕ್ರಿಯಾಪದಗಳಲ್ಲಿ ಎಡವುತ್ತಾನೆ. ಗಟ್ಟಿಯಾಗಿ ಓದಬೇಕು, ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ. ಸಂತೆಬೀದಿಯಲ್ಲಿ ತೆಲುಗು ಕೇಳಿ ಬೆಳೆದ ಕೋಲಾರ, ಬಳ್ಳಾರಿಗಳ ವಾಚಕರಿಗೆ ಇದು ಇನ್ನೂ ಸುಲಭ.

ಬಳಿಕ ಪಾಲಗುಮ್ಮಿ ಪದ್ಮರಾಜು ಅವರ ‘ಗಾಲಿವಾನ’. 1952ರಲ್ಲಿ ಜಾಗತಿಕ ಕಥಾಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆದ ಕಥೆಯಿದು. ಬಿರುಗಾಳಿಯ ರಾತ್ರಿ, ರೈಲು, ನಿಯಮದ ಗೆರೆ ದಾಟದ ಒಬ್ಬ ದೊಡ್ಡ ಮನುಷ್ಯ, ಒಬ್ಬ ಭಿಕ್ಷುಕಿ. ಮುಂದಿನದನ್ನು ಇಲ್ಲಿ ಹೇಳಿದರೆ ಅನ್ಯಾಯವಾದೀತು. ಕಾದಂಬರಿಗೆ ಕಾಲಿಡುವವರು ಚಲಂ ಅವರ ‘ಮೈದಾನಂ’ ಓದಬಹುದು. ಚಿಕ್ಕದು, ಆದರೆ ಮನೆ ಬಿಟ್ಟು ನಡೆದ ಗೃಹಿಣಿಯ ಆ ಕಥೆ ಮನಸ್ಸನ್ನು ಕಲಕದೆ ಬಿಡದು. ರಾಚಕೊಂಡ ವಿಶ್ವನಾಥಶಾಸ್ತ್ರಿಗಳನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳುವುದು ಲೇಸು. ವಿಶಾಖಪಟ್ಟಣದ ಕಡೆಯ ಆ ಮಾತಿಗೆ ಪಳಗಿದ ಕಿವಿ ಬೇಕು.