ಸೋರದೆ ಉಸಿರಾಡುವ ಜಾಡಿ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಹಗರೆಯಿಂದ ಹಳೇಬೀಡಿನವರೆಗೂ ಕೆರೆಗಳ ಸೀಮೆ. ಆ ಕೆರೆಯಂಗಳದ ಜೇಡಿಮಣ್ಣಿನಿಂದ ಕೊರಿಯಾ ಮಾದರಿಯ ಪಾತ್ರೆ ಮಾಡಬಹುದೇ? ಕೊರಿಯಾ ಎಂದೊಡನೆ ಗೋರ್ಯೊ ಅರಸರ ಕಾಲದ (918–1392) ಹಸಿರು ಹೊಳಪಿನ ಸೆಲಡಾನ್ ಕಣ್ಮುಂದೆ ಬರುತ್ತದೆ. ಆದರೆ ನಾವು ಮೊದಲು ಕಲಿಯಬೇಕಾದ್ದು ಅದನ್ನಲ್ಲ, ಮನೆಯಂಗಳದಲ್ಲಿ ಕಿಮ್ಚಿ, ಸೋಯಾ ಹುದುಗು ತುಂಬಿಡುವ ಕಂದು ಬಣ್ಣದ ಓಂಗಿ ಜಾಡಿಯನ್ನು. ಮಣ್ಣಿನ ಹುರಿಗಳನ್ನು ಸುತ್ತಿ ಏರಿಸಿ, ಒಳಗೊಂದು ಆಸರೆ ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ಅದರ ಗೋಡೆಯನ್ನು ಬಿಗಿ ಮಾಡುತ್ತಾರೆ. ತಿಗರಿಯಿಂದ ಇಳಿಸಿದ ಮಡಕೆಯನ್ನು ತಟ್ಟಿ ಹಿಗ್ಗಿಸುವ ನಮ್ಮ ಕುಂಬಾರರಿಗೆ ಈ ಕೈಚಳಕ ಹೊಸದೇನಲ್ಲ. ಓಂಗಿಯ ಹೆಚ್ಚುಗಾರಿಕೆ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಸೂಹ್ವಾನ್ ಕಿಮ್ ಮತ್ತು ಡೇವಿಡ್ ಹೂ ಉಪ್ಪು ಹಾಕಿದ ಕೋಸನ್ನು ಓಂಗಿಯಲ್ಲೂ ಗಾಜಿನ ಜಾಡಿಯಲ್ಲೂ ಹುದುಗಿಸಿ ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಓಂಗಿಯೊಳಗಿನ ಇಂಗಾಲದ ಡೈಆಕ್ಸೈಡ್ ಗಾಜಿನ ಜಾಡಿಯಲ್ಲಿದ್ದುದರ ಅರ್ಧಕ್ಕಿಂತ ಕಡಿಮೆಯಿತ್ತು. ಅನಿಲ ಗೋಡೆಯ ಮೂಲಕ ಹೊರಹೋದಂತೆ ಹುಳಿ ತರುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದವು.

ರಂಧ್ರವಿದ್ದರೆ ಸಾಕೆಂದಾದರೆ ನಮ್ಮ ನೀರಿನ ಮಡಕೆಯಲ್ಲೇ ಉಪ್ಪಿನಕಾಯಿ ಇಡಬಹುದಲ್ಲ ಎನ್ನಬಹುದು. ಇಡಲಾಗದು. ಸುಮಾರು 800–900 ಡಿಗ್ರಿಯಲ್ಲಿ ಬೆಂದ ಮಡಕೆಯ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನೀರು ಜಿನುಗಿ ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 2400 ಜೂಲ್ ಶಾಖ ಎಳೆದುಕೊಳ್ಳುವುದರಿಂದಲೇ ಒಳಗಿನ ನೀರು ತಣ್ಣಗಾಗುವುದು. ಉಪ್ಪುನೀರಾದರೆ ಅದೇ ದಾರಿಯಲ್ಲಿ ಬರಿದಾಗುತ್ತದೆ. ಓಂಗಿ 1100 ಡಿಗ್ರಿ ದಾಟಿ ಬೇಯುವುದರಿಂದ ಮಣ್ಣು ಅರ್ಧ ಕರಗಿ, ನೀರನ್ನು ಹಿಡಿದು ಅನಿಲವನ್ನು ಬಿಡುವಷ್ಟೇ ಸಂದು ಉಳಿಯುತ್ತದೆ. ಹಾಗಾದರೆ ಕೆರೆಮಣ್ಣನ್ನೂ ಅಷ್ಟೇ ಕಾಯಿಸಿದರಾಯಿತಲ್ಲ? ಅದರಲ್ಲಿ ಕಬ್ಬಿಣ, ಸುಣ್ಣ, ಕ್ಷಾರಗಳು ಹೆಚ್ಚಿದ್ದರೆ ಅಷ್ಟು ಶಾಖಕ್ಕೆ ಪಾತ್ರೆಯೇ ಕುಸಿಯುತ್ತದೆ. ಬೆಂಕಿ ತಾಳುವ ಮಣ್ಣು, ಮರಳು ಬೆರೆಸಿ, ಚಿಕ್ಕ ಬಿಲ್ಲೆಗಳನ್ನು ಬೇರೆಬೇರೆ ಶಾಖದಲ್ಲಿ ಸುಟ್ಟು, ಅವು ಎಷ್ಟು ನೀರು ಕುಡಿಯುತ್ತವೆಂದು ತೂಗಿ ನೋಡದೆ ಬೇರೆ ದಾರಿಯಿಲ್ಲ.

ಸೆಲಡಾನ್‌ನ ಹಸಿರೂ ಕಬ್ಬಿಣದ್ದೇ: ಹೊಳಪಿನ ಲೇಪದಲ್ಲಿರುವ ತುಸು ಕಬ್ಬಿಣ ಆಮ್ಲಜನಕ ಸಾಲದ ಬೆಂಕಿಯಲ್ಲಿ ಹಸಿರಾಗುತ್ತದೆ. ಗಾಳಿಯನ್ನು ಹೀಗೆ ಪಳಗಿಸುವುದು ಈ ನೆಲಕ್ಕೂ ಗೊತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಸಿಕ್ಕ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಮಡಕೆಗಳೇ ಸಾಕ್ಷಿ. ಗಾಳಿ ತಾಗಿದ ಭಾಗ ಕೆಂಪು, ತಾಗದ್ದು ಕಪ್ಪು. ಆದರೆ ಸೆಲಡಾನ್‌ಗೆ 1200 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಕಡಿಮೆ ಬೆಂಕಿಯಲ್ಲೇ ಆ ಹೊಳಪು ಬರಲೆಂದು ಸೀಸ ಬೆರೆಸಿದ ಲೇಪವನ್ನು ಯಾರೂ ಬಳಸಬಾರದು. ಮೊಸರು, ಹುಣಸೆ, ಉಪ್ಪಿನಕಾಯಿಯ ಹುಳಿ ಅದರ ಸೀಸವನ್ನು ಕರಗಿಸಿ ಊಟಕ್ಕೆ ಸೇರಿಸುತ್ತದೆ.