‘ತಿಥಿ’ ನಡೆದ ಊರು ಯಾವುದು?

ಚಾಮರಾಜನಗರದಿಂದ ಸತ್ಯಮಂಗಲದ ದಾರಿ ಹಿಡಿದರೆ ಪುಣಜನೂರು ಸಿಗುತ್ತದೆ. ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡ ಈ ಊರಿನ ಹೆಸರೆತ್ತಿದರೆ ಹೊರಗಿನವರು ಕೇಳುವುದು ಆನೆ, ಚೆಕ್‌ಪೋಸ್ಟು, ಇಲ್ಲವೇ ವೀರಪ್ಪನ್ ಬಗ್ಗೆ. ಸಿನಿಮಾದವರ ಕಣ್ಣೂ ಬಹುಪಾಲು ಅಷ್ಟೇ. ಈ ಸೀಮೆಗೆ ಬಂದರೆ ಅವರಿಗೆ ಕಾಡು ಬೇಕು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು ಬೇಕು. ಲೊಕೇಶನ್ ಅಂದರೆ ನೋಟ ಎಂಬ ಈ ನಂಬಿಕೆಯನ್ನು ‘ತಿಥಿ’ ಸಿನಿಮಾ ನಕ್ಕು ನಗಿಸುತ್ತಲೇ ಕೆಡವಿತು. ಅದರಲ್ಲಿ ನೋಡಲೇಬೇಕಾದ ಒಂದು ಬೆಟ್ಟವೂ ಇಲ್ಲ.

ಅದು ನಮ್ಮ ಕಡೆಯದೇ ಇರಬೇಕು, ಗುಂಡ್ಲುಪೇಟೆ, ನಂಜನಗೂಡಿನ ಸುತ್ತ ತೆಗೆದಿರಬೇಕು ಎಂದುಕೊಂಡರೆ ತಪ್ಪು ಎನ್ನಲಾರೆ. ಜಗಲಿ ಹರಟೆ, ಬೈಗುಳ, ಬಾಡೂಟ ಎಲ್ಲ ಪರಿಚಿತ. ಆದರೆ ಚಿತ್ರೀಕರಣ ನಡೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಅದರ ಆಸುಪಾಸಿನಲ್ಲಿ. ನೆಲ ಬಲ್ಲವರಿಗೆ ವ್ಯತ್ಯಾಸ ಗೊತ್ತಾಗುತ್ತದೆ: ಅದು ನಾಲೆ ನೀರಿನ, ಕಬ್ಬಿನ ಸೀಮೆ; ಗುಂಡ್ಲುಪೇಟೆ ಕಡೆಯದು ಮಳೆ ನೋಡಿಕೊಂಡು ಸೂರ್ಯಕಾಂತಿ ಬಿತ್ತುವ ನೆಲ. ಮಾತೂ ಮಂಡ್ಯದ್ದೇ. ಊರಿನ ವಿಳಾಸದಲ್ಲಿ ಕನ್ನಡಿಗರು ಎಡವುವುದು ಹೊಸತೂ ಅಲ್ಲ. ರಾಜ್‌ಕುಮಾರ್ ಅವರ ಗಾಜನೂರು ಚಾಮರಾಜನಗರ ಜಿಲ್ಲೆಯಲ್ಲಿದೆ ಎಂದೇ ಅನೇಕರು ತಿಳಿದಿದ್ದಾರೆ. ಅದಿರುವುದು ಗಡಿಯಾಚೆ, ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಭಾಗದಲ್ಲಿ. 2000ದ ಜುಲೈ 30ರಂದು ಅವರ ಅಪಹರಣವಾದದ್ದೂ ಅಲ್ಲಿಂದಲೇ.

ಇನ್ನೊಂದು ನಂಬಿಕೆ: ಕ್ಯಾಮೆರಾ ಇಟ್ಟು ಹಳ್ಳಿಯವರನ್ನು ಅವರ ಪಾಡಿಗೆ ಬಿಟ್ಟರು, ಚಿತ್ರ ತಾನಾಗಿ ಆಯಿತು. ಹಾಗಲ್ಲ. ಚಿತ್ರಕಥೆ ಬರೆದವರು ಇಬ್ಬರು, ನಿರ್ದೇಶಕ ರಾಮ್ ರೆಡ್ಡಿ ಮತ್ತು ಈರೇಗೌಡ. ನೊದೆಕೊಪ್ಪಲು ಈರೇಗೌಡರ ಊರು. ಮೊದಲು ಊರು, ಆಮೇಲೆ ಜನ, ಅವರನ್ನು ನೋಡಿಕೊಂಡು ಕತೆ. ಸಿನಿಮಾದವರು ಸಾಮಾನ್ಯವಾಗಿ ಹೋಗುವ ದಾರಿಗೆ ಇದು ತಿರುಗುಮುರುಗು. ಸೆಂಚುರಿಗೌಡನಾದ ಸಿಂಗ್ರಿಗೌಡ, ಗಡ್ಡಪ್ಪನಾದ ಚನ್ನೇಗೌಡ, ತಮ್ಮಣ್ಣನಾದ ತಮ್ಮೇಗೌಡ, ಅಭಿಯಾದ ಅಭಿಷೇಕ್ ಯಾರೂ ವೃತ್ತಿನಟರಲ್ಲ. ಹಾಗೆಂದು ಅವರದು ನಟನೆಯೇ ಅಲ್ಲ ಎನ್ನುವುದು ಅನ್ಯಾಯ. ಕುರಿಗಾಹಿಗಳ ನಡುವೆ ಕೂತು ಗಡ್ಡಪ್ಪ ತನ್ನ ಹಳೆಯ ಕತೆ ಬಿಚ್ಚುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅಲ್ಲಿಯವರೆಗೆ ನಕ್ಕವರು ಅಲ್ಲಿ ಸುಮ್ಮನಾಗುತ್ತಾರೆ.

ಜಮೀನಿನ ಪ್ರಸಂಗವನ್ನು ಪೇಟೆಯ ಪ್ರೇಕ್ಷಕರು ನಗಿಸಲೆಂದು ಹಿಗ್ಗಿಸಿದ್ದು ಎಂದುಕೊಳ್ಳುತ್ತಾರೆ. ನಾಡಕಚೇರಿ ಮೆಟ್ಟಿಲು ಹತ್ತಿದವರು ಹಾಗೆನ್ನಲಾರರು. ನೂರೊಂದು ವರ್ಷದ ಸೆಂಚುರಿಗೌಡ ಸತ್ತಾಗ ಜಮೀನು ಅವನ ಹೆಸರಲ್ಲೇ ಇರುತ್ತದೆ. ಪೌತಿ ಖಾತೆ ಸಾಮಾನ್ಯವಾಗಿ ಮಗನ ಹೆಸರಿಗೆ ಆಗಬೇಕು. ಮಗ ಬದುಕಿರುವಾಗ ಅವನನ್ನು ದಾಟಿ ಮೊಮ್ಮಗನಿಗೆ ಹಾರುವುದಿಲ್ಲ. ಮಗ ಗಡ್ಡಪ್ಪನೋ, ಪಹಣಿ, ರುಜು ಯಾವುದರ ಗೊಡವೆಯೂ ಬೇಡವಾಗಿ ಬೀಡಿ ಸೇದುತ್ತ ಹೊಲದ ಬದುವಿನ ಮೇಲೆ ನಡೆಯುವವ. ಜಮೀನು ಮಾರುವ ಆತುರದ ಮೊಮ್ಮಗ ತಮ್ಮಣ್ಣ ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ, ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ. ಹಾಸ್ಯ ಹುಟ್ಟುವುದು ಕಂದಾಯ ಇಲಾಖೆಯ ನಿಯಮದಿಂದಲೇ. ಮೇಲೆ ಸೇರಿಸಿದ ಜೋಕು ಬೇಕಾಗಲೇ ಇಲ್ಲ. ಹನ್ನೊಂದನೆಯ ದಿನದ ತಿಥಿ ಹತ್ತಿರವಾಗುತ್ತಿದ್ದಂತೆ ಕುರಿಗೂ ದುಡ್ಡಿಗೂ ಪರದಾಟ ಬೇರೆ.

ಪ್ರಶಸ್ತಿ ಬಂದ ಚಿತ್ರ, ಜನ ನೋಡಿರಲಾರರು ಎಂಬ ಮಾತೂ ನಿಲ್ಲದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಬಹುಮಾನ, ಆಮೇಲೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ. 2016ರ ಮೇನಲ್ಲಿ ಚಿತ್ರಮಂದಿರಕ್ಕೆ ಬಂದಾಗ ಜನರೂ ಬಂದರು. ಕೆಲವೇ ನಿಮಿಷ ತೆರೆಯ ಮೇಲಿದ್ದು ಸಾಯುವ ಮುದುಕ ‘ಸೆಂಚುರಿಗೌಡ’ ಎಂದೇ ನಾಡಿಗೆಲ್ಲ ಪರಿಚಿತನಾದ. ಇದೇ ಮುಖಗಳನ್ನು ಹಾಕಿಕೊಂಡು ‘ತರ್ಲೆ ವಿಲೇಜ್’ ಎಂಬ ಇನ್ನೊಂದು ಚಿತ್ರ ಬಂತು. ಗಡ್ಡಪ್ಪನನ್ನು ತಂದು ನಿಲ್ಲಿಸಿದರೆ ನಗು ತಾನಾಗಿ ಬರುತ್ತದೆ ಎಂದುಕೊಂಡಿದ್ದವರು ಎರಡೂ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಬಹುದು.